ಎದೆಗೆ ಕಟ್ಟಿದ ಪರಾತ

‘ವೈನಿ, ನಾ ಇನ್ನೂ ಸತ್ತಿಲ್ರಿ. ಸತ್ತ ಮ್ಯಾಲನ ಕವಚ ಬಿಚ್ಚೂದು,’ ಎಂದ ನನ್ನ ಮೈದುನ. ಅವನು ಎದೆಗೆ ಹಗ್ಗದಿಂದ ಬಿಗಿದುಕೊಂಡಿದ್ದ ಕವಚ ನಾವು ರೊಟ್ಟಿ ಹಿಟ್ಟು ನಾದುವ ಹಿತ್ತಾಳೆ ಪರಾತ.

ಎಪ್ಪತ್ತರ ದಶಕದ ಕೊನೆಯ ಬೇಸಿಗೆ. ಬೇವೂರಿನ ಆ ಮನೆಗೆ ನಾನು ಸೊಸೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಮೆಟ್ರಿಕ್ ನಪಾಸಾದ ಮೈದುನ ಓಣಿಯ ಗೆಳೆಯರನ್ನು ಕೂಡಿಸಿಕೊಂಡು ಅಂಗಳದಲ್ಲಿ ಜೋಳದ ದಂಟಿನ ಕತ್ತಿ ಹಿಡಿದು ರಾಜರ ಯುದ್ಧ ಆಡುತ್ತಿದ್ದ. ಒಳಗೆ ಹಂಚು ಕಾದಿತ್ತು, ಅತ್ತೆಯೂ ಕಾದಿದ್ದರು. ಕಟ್ಟೆಯ ಮೇಲೆ ಮಾವ ಕೂತಿದ್ದರು. ಅವರೆದುರು ನಾನು ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ.

ಸೆರಗು ಮುಂದಕ್ಕೆಳೆದುಕೊಂಡು ಮೆಲ್ಲಗೆ ಕೇಳಿದೆ, ‘ಎಷ್ಟು ಏಟಿಗೆ ಸಾಯ್ತೀರಿ?’

‘ಗೋಣಿಚೀಲ ತೊಟ್ಟವ ಒಂದಕ್ಕ, ಡಬ್ಬಿ ತಗಡಿನವ ಎರಡಕ್ಕ. ನಂದು ಹಿತ್ತಾಳಿದು, ಮೂರು ಬೇಕ್ರಿ.’

ನನ್ನ ಕೈಯಲ್ಲಿ ಒಲೆ ಊದುವ ಕಬ್ಬಿಣದ ಕೊಳವೆ ಇತ್ತು. ಮೂರು ಬಾರಿಸಿದೆ. ಪರಾತ ಗುಡಿಯ ಗಂಟೆಯ ಹಾಗೆ ಮೊಳಗಿತು. ‘ಹೆಣ್ಮಕ್ಕಳ ಏಟು ಲೆಕ್ಕಕ್ಕ ಹಿಡಿಯೂದಿಲ್ಲ,’ ಎನ್ನುತ್ತ ಮೈದುನ ನ್ಯಾಯಕ್ಕಾಗಿ ಅಪ್ಪನ ಕಡೆ ನೋಡಿದ.

ಮಾವ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಹೇಳಿದರು: ‘ಕಾಯ್ದೆ ಮಾಡಿದವ ನೀನ ಅಲ್ಲೇನು? ಸತ್ತಿ. ಬಿಚ್ಚು.’

ಆ ಮೂರು ತಗ್ಗು ಪರಾತದಲ್ಲಿ ಇನ್ನೂ ಇವೆ, ಹಿಟ್ಟು ನಾದುವಾಗ ಬೆರಳಿಗೆ ಸಿಗುತ್ತವೆ. ಮೈದುನನಿಗೆ ಈಗ ಮೊಮ್ಮಕ್ಕಳು. ಮನೆಯಲ್ಲಿ ಯಾವ ಜಗಳಕ್ಕೆ ಅವನನ್ನು ಕರೆದರೂ ಒಂದೇ ಮಾತು: ‘ನನ್ನ ಬಿಡ್ರಿ ವೈನಿ, ನಾ ಅವತ್ತ ಸತ್ತೀನಿ.’