ನಾಲ್ಕು ಅಲ್ಪ ಪರಿಣಾಮಗಳು

ನಾಗೇಂದ್ರಪ್ಪ ಚಿತ್ತಾಪುರದಿಂದ ಹೊರಟರೆಂದರೆ ಬಸ್ಸಿನ ಕಂಡಕ್ಟರನಿಗೂ ಗೊತ್ತಾಗಬೇಕು. ಕೊರಳಲ್ಲಿ ಸದಾ ಗುರುತಿನ ಚೀಟಿ. ಮದುವೆ ಊಟಕ್ಕೆ ಕೂತಾಗಲೂ ಅದನ್ನು ತೆಗೆದವರಲ್ಲ. ರಸ್ತೆಯೋ ರೈಲುಹಳಿಯೋ ಬರುವ ಮುನ್ನ ಊರಿನ ಗಿಡ, ಹಳ್ಳ, ಬಾವಿಗಳನ್ನು ಅಳೆದು ಪರಿಸರ ವರದಿಯ ನಮೂನೆ ತುಂಬುವುದು ಅವರ ಕೆಲಸ. ವಾಡಿ, ಶಹಾಬಾದ್, ಸೇಡಂ ಸುತ್ತ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರು.

"ನನ್ನ ಸಹಿ ಇಲ್ದ ಒಂದ್ ರೋಲರ್ ಅಲ್ಲಾಡಂಗಿಲ್ಲ" ಎನ್ನುತ್ತಿದ್ದರು. ಸಹಿಗೆ ಕಾಯದೆ ರೋಲರುಗಳು ಅಲ್ಲಾಡುತ್ತಲೇ ಇದ್ದವು.

ಈ ಸಲ ನಾಲ್ಕು ಪಥದ ರಸ್ತೆ. ಗುಂಡಗುರ್ತಿಯ ಆಚೆ ಸುಗರಾಬಿಯ ಹೊಲದ ಬಾವಿಯೊಂದೇ ನಲವತ್ತು ಮನೆಗಳಿಗೆ ಕುಡಿಯುವ ನೀರು. ರಸ್ತೆಯ ಮಣ್ಣಿನ ಏರಿ ಅಡ್ಡ ಬಂದರೆ ಬಾವಿಗೆ ಜೀವ ಕೊಡುವ ಹಳ್ಳವೇ ನಿಲ್ಲುತ್ತದೆ. ನಾಗೇಂದ್ರಪ್ಪ ಟೇಪಿಗೆ ಕಲ್ಲು ಕಟ್ಟಿ ಇಳಿಬಿಟ್ಟರು. ನಡು ಮಧ್ಯಾಹ್ನ. ಸಪ್ಪಳ ಬರಲಿಲ್ಲ. ಬಹಳ ಹೊತ್ತಿನ ಮೇಲೆ, ತಳದಲ್ಲಿ ಯಾರೋ ಕೆಮ್ಮಿದಂತಾಯಿತು. ನೀರು ಐವತ್ತೆರಡು ಅಡಿ ಕೆಳಗೆ.

"ಏನ್ ಬರದ್ರಿ ಸಾಹೇಬ್ರ?" ಮುದುಕಿ ಸುಗರಾಬಿ ಕೇಳಿದಳು.

"ಅಲ್ಪ ಪರಿಣಾಮ."

"ಹಿಂದ ಮೂರು ಸಲನೂ ಅದೇ ಬರದಿದ್ರಿ. ನಾಕು ಅಲ್ಪ ಕೂಡಿದ್ರ ಎಷ್ಟಾಗ್ತದ್ರಿ?"

ನಾಗೇಂದ್ರಪ್ಪ ದೊಡ್ಡವರಂತೆ ನಕ್ಕು ಬಂದರು. ಮನೆಯಲ್ಲಿ ಟ್ರಂಕಿನಿಂದ ಅದೇ ಬಾವಿಯ ಹಳೆಯ ಹಾಳೆ ತೆಗೆದಾಗ ನಗು ಹೋಯಿತು. ಮೊದಲ ರಸ್ತೆಗೆ ಹದಿನಾಲ್ಕು ಅಡಿ, ರೈಲುಹಳಿಗೆ ಇಪ್ಪತ್ತಮೂರು, ರಸ್ತೆ ಅಗಲ ಮಾಡಿದಾಗ ಮೂವತ್ತೆಂಟು. ಪ್ರತಿ ಸಲವೂ ಅಂದಿನ ಆಳವನ್ನೇ 'ಸದ್ಯದ ಸ್ಥಿತಿ' ಎಂದು ಬರೆದು, ಅಲ್ಲಿಂದಲೇ ಎಣಿಕೆ ಶುರುಮಾಡಿದ್ದರು. ರಸ್ತೆ ಬಂದದ್ದಕ್ಕೇ ಬಂದ, ಕಲ್ಲು ಕೊಯ್ದು ಉಜ್ಜುವ ಫರಸಿ ಕಾರ್ಖಾನೆಗಳು ಅಳತೆಯ ಗೆರೆಯ ಆಚೆ ಇದ್ದವು; ಅವುಗಳ ಮಾತೇ ಇಲ್ಲ. 'ಹಿಂದಿನ ಯೋಜನೆಗಳ ಒಟ್ಟು ಪರಿಣಾಮ' ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ 'ಅನ್ವಯಿಸುವುದಿಲ್ಲ'.

ಅಂದಿನಿಂದ ಮನೆಯಲ್ಲಿ ಏನು ಬಿದ್ದರೂ ಅವರು ಉಸಿರು ಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದರು. ಒಂದು ದಿನ ಹೆಂಡತಿ ಬಸವೇಶ್ವರಿಯ ಕೈಯಿಂದ ಚಮಚ ಜಾರಿತು.

"ಏನ್ ಕೇಳಾಕತ್ತೀರಿ ಹಂಗ?"

"ಇನ್ನಾ ನೀರು ಮುಟ್ಟಿಲ್ಲ."

"ಮುಂಜಾನಿಂದ ಉಂಡಿಲ್ಲ ನೀವು, ಬರ್ರಿ" ಎಂದಳು ಆಕೆ, ದನಿ ತಗ್ಗಿಸಿ.

ನಾಗೇಂದ್ರಪ್ಪ ಈ ಸಲದ ನಮೂನೆಯಲ್ಲಿ 'ಅನ್ವಯಿಸುತ್ತದೆ' ಎಂದು ಬರೆದು, ಮೂರೂ ಹಳೆಯ ಹಾಳೆಗಳನ್ನು ಲಗತ್ತಿಸಿದರು. ರಸ್ತೆಯ ಇಂಜಿನಿಯರ್ ಶರಣಕುಮಾರ ಫೋನ್ ಮಾಡಿದ.

"ಹಿಂದಿನವ್ರು ಮಾಡಿದ್ದು ನಮಗ್ಯಾಕ್ರಿ?"

"ಹಿಂದಿನವ್ರು ಯಾರೂ ಇಲ್ಲರಿ. ನಾಕೂ ಸಲ ನಾನೇ."

ಶರಣಕುಮಾರ ಆ ಹಾಳೆಗಳನ್ನು ಮೇಲಿನವರಿಗೆ ಕಳಿಸಿದ. ಕೊನೆಗೆ ನಕ್ಷೆ ಬದಲಾಯಿತು. ಏರಿಯ ಬದಲು ಹಳ್ಳದ ಮೇಲೆ ಅಗಲ ಸೇತುವೆ ಬಂತು. ತಮ್ಮ ಹೆಸರಿನ ಕಲ್ಲು ಹಾಕಿಸುತ್ತಾರೇನೋ ಎಂದು ನಾಗೇಂದ್ರಪ್ಪ ಕೆಲ ದಿನ ಕಾದರು.

ಮೊದಲ ಮಳೆಗೆ ಹಳ್ಳ ಸೇತುವೆಯಡಿ ಹರಿದು ಬಾವಿ ಸೇರಿತು. ನಾಗೇಂದ್ರಪ್ಪ ಓಡಿ ಬಂದು ಬಗ್ಗಿದರು. ನೀರು ಹತ್ತಿರವೇ ಬಂದಿತ್ತು. ಬೆಳ್ಳಗೆ, ಪೊರೆ ಬಂದ ಕಣ್ಣಿನಂತೆ ಅವರನ್ನೇ ನೋಡುತ್ತಿತ್ತು.

"ಫರಸಿ ಕಲ್ಲಿನ ಹಿಟ್ಟು" ಎಂದಳು ಸುಗರಾಬಿ. "ಇದು ಯಾವ ರೋಡಿಂದು ಅಂತ ಬರೀತೀರಿ?"

ನಾಗೇಂದ್ರಪ್ಪ ಹೊಸ ಹಾಳೆ ತೆಗೆದು ಮೊದಲ ರಸ್ತೆಯ ಇಸವಿ ಬರೆದರು. ಕೆಳಗೆ, ಅಂದು ಪರಿಶೀಲಿಸಿದವರು ಎಂಬಲ್ಲಿ, ತಮ್ಮ ಹೆಸರು.