ಸುಣ್ಣದ ತೊಟ್ಟಿಯ ಮುಷ್ಕರ

ನಮ್ಮ ಸಂಘ ಹೇಗೆ ಹುಟ್ಟಿತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ತಲೆ ಕೆಡುತ್ತದೆ. ಹುಟ್ಟಿದ್ದು ಎಲ್ಲರಿಗೂ ಗೊತ್ತಾಯಿತು, ಹುಟ್ಟಿದ್ದು ಏನು ಎಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಅದು. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ಅತ್ತ ಕಡೆಯಿಂದ ಬಂದ ಮುಖಂಡರೊಬ್ಬರು ನಮ್ಮ ತೊಗಲಿನ ಕಾರ್ಖಾನೆಯ ಮುಂದೆ ನಿಂತು ಒಂದು ತಾಸು ತೆಲುಗಿನಲ್ಲಿ ಮಾತಾಡಿದರು. ಅರ್ಧ ತಿಳಿಯಿತು, ಚಪ್ಪಾಳೆಯನ್ನು ಮಾತ್ರ ಪೂರ್ತಿ ಹೊಡೆದೆವು. ಐದನೇ ಕ್ಲಾಸಿನವರೆಗೆ ಓದಿದ್ದ ತಪ್ಪಿಗೆ ನಾನು ಕಾರ್ಯದರ್ಶಿಯಾದೆ.

ಮರುವಾರ ಕುರುಗೋಡಿನಿಂದ ನಾಲ್ಕು ಜನ ಬಂದರು. ಊರ ರೈತರಿಗೆ ಚಪ್ಪಲಿ ಹೊಲಿದುಕೊಟ್ಟು ಸುಗ್ಗಿಯಲ್ಲಿ ಜೋಳ ತೆಗೆದುಕೊಳ್ಳುವವರು.

"ನಮಗ ಮಾಲಕನ ಇಲ್ಲಲ್ರಿ. ನಾವ್ ಯಾರ ಮ್ಯಾಲ ಸ್ಟ್ರೈಕ್ ಮಾಡ್ಬೇಕ್ರಿ?" ಎಂದು ಅವರಲ್ಲಿ ಹಿರಿಯ ಕೇಳಿದ.

ನನಗೇನು ಗೊತ್ತು? "ಮೊದ್ಲು ಹೆಸರು ಬರಸ್ರಿ, ಆಮ್ಯಾಲ ನೋಡೋಣು" ಎಂದೆ.

ನಮ್ಮಪ್ಪ ಸಿರುಗುಪ್ಪದವನು. ಅದೇ ಕಾರ್ಖಾನೆಯಲ್ಲಿ ಸುಣ್ಣದ ತೊಟ್ಟಿಯ ಕೆಲಸ ಅವನದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ದಿನವೂ ಮಗುಚಬೇಕು. ಹೆಬ್ಬೆರಳಿನಿಂದ ಒತ್ತಿ ಸವರಿದರೆ ಕೂದಲು ಕಿತ್ತು ಬಂತೋ, ಹದ ಬಂತು ಎಂದು ಲೆಕ್ಕ. ಹದ ಮೀರಿದರೆ ತೊಗಲು ಯಾವುದಕ್ಕೂ ಬಾರದು. ಆ ಸುಣ್ಣ ಅಪ್ಪನ ಬೆರಳುಗಳನ್ನು ಎಷ್ಟು ತಿಂದಿತ್ತೆಂದರೆ ರೊಟ್ಟಿ ಮುರಿದುಕೊಡಲು ಪಕ್ಕದಲ್ಲಿ ಅವ್ವ ಕೂರಬೇಕಾಗಿತ್ತು. ಸಂಘದ ಮೊದಲ ಬೇಡಿಕೆ ಕೈಗವಸು. ಅದನ್ನು ಬರೆದವನು ನಾನೇ, ಅಪ್ಪನ ಕೈ ನೆನೆದೇ ಬರೆದದ್ದು.

ಮಾಲೀಕ ಒಪ್ಪಲಿಲ್ಲ. ಮುಷ್ಕರ ಶುರುವಾಯಿತು. ಅವನು ಮಾತಿಗೆ ಬರುವ ತನಕ ಒಬ್ಬರೂ ಒಳಗೆ ಕಾಲಿಡಬಾರದು ಎಂದು ಗೊತ್ತುಮಾಡಿದೆವು. ಅಪ್ಪನೂ ಹೂಂ ಅಂದಿದ್ದ. ಮೂರನೇ ದಿನ ಮಧ್ಯಾಹ್ನ ಸಂಘದ ಇಬ್ಬರ ಜೊತೆ ಕಾರ್ಖಾನೆಯ ಹಿಂಬದಿಗೆ ಹೋದರೆ ಅಪ್ಪ ಗೋಡೆ ಹತ್ತಿ ಹೊರಗೆ ಇಳಿಯುತ್ತಿದ್ದಾನೆ! ಮೊಣಕೈವರೆಗೆ ಬೆಳ್ಳಗೆ ಸುಣ್ಣ. ಸುಳ್ಳು ಹೇಳಲೂ ಜಾಗವಿರಲಿಲ್ಲ.

"ಯಪ್ಪಾ, ಏನ್ ಮಾಡಿದಿ?"

"ಹದ ಮೀರಾಕ ಹತ್ತಿದ್ವಲೇ. ಎತ್ತಿ ನೀರಿಗೆ ಹಾಕಿ ಬಂದೆ."

"ಮೀರ್ಲಿ ಬಿಡು. ಮಾಲಕನ ತೊಗಲು."

"ಮಾಲಕ ಒಂದಿನಾನರ ಮುಟ್ಟ್ಯಾನೇನು ಅವನ್ನ? ತೊಟ್ಟಿಗೆ ಇಳಿಸಿದಾಂವ ನಾನು."

ಸಿಟ್ಟು ನೆತ್ತಿಗೇರಿತು. ಮುಚ್ಚಿಡುವುದೇಕೆ, ಅದೇ ಗಳಿಗೆಯಲ್ಲಿ ಅಪ್ಪನ ಬಗ್ಗೆ ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು ಎಂದು ತೆಲುಗಿನ ಮುಖಂಡರು ಹೇಳಿರಲಿಲ್ಲ. ಹೇಳಿದ್ದರೂ ಅದು ನನಗೆ ತಿಳಿಯದ ಅರ್ಧದಲ್ಲಿತ್ತೋ ಏನೋ.

ಆರನೇ ದಿನ ಮಾಲೀಕ ಒಪ್ಪಿದ. ತೊಗಲು ಉಳಿಯಿತೆಂದು ಮೆತ್ತಗಾದನೋ, ಹಾಳಾಗಿದ್ದರೆ ಮೂರನೇ ದಿನವೇ ಓಡಿಬರುತ್ತಿದ್ದನೋ, ದೇವರಾಣೆ ನನಗೆ ಗೊತ್ತಿಲ್ಲ. ಜನ ಎರಡನ್ನೂ ಹೇಳಿದರು. ಹೇಳಿದ್ದೆಲ್ಲ ನನಗೆ ಸರಿ ಅನ್ನಿಸಿತು.

ಕೆಲಸ ಶುರುವಾಗುವ ಮೊದಲು ಬೇವಿನ ಮರದ ಕೆಳಗೆ ಸಭೆ ಸೇರಿತು. ಮಾತು ಮುರಿದವನನ್ನು ಸಂಘದಿಂದ ಹೊರಗಿಡಬೇಕು ಎಂದು ಒಬ್ಬ ಎದ್ದು ಹೇಳಿದ. ಹೊರಗಿಟ್ಟರೆ ಅಪ್ಪನ ಪಕ್ಕ ಯಾರೂ ಕೂರುವುದಿಲ್ಲ, ಒಂದು ಬೀಡಿಗೆ ಕಡ್ಡಿ ಗೀರಿ ಕೊಡುವುದಿಲ್ಲ. ಅವನ ಆಯುಷ್ಯವೆಲ್ಲ ಕಳೆದದ್ದು ಆ ಜನರ ನಡುವೆ. ಹಿಂದಿನ ಸಾಲಿನಲ್ಲಿ ಅವನೂ ಕೂತಿದ್ದ.

"ಒಪ್ಪಿದವರು ಕೈ ಎತ್ತಿರಿ" ಎಂದು ಕಾರ್ಯದರ್ಶಿಯಾಗಿ ನಾನೇ ಹೇಳಬೇಕಾಯಿತು. ಒಂದು ಕೈಯೂ ಏಳಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪನನ್ನು ಉಳಿಸಿಕೊಂಡ ಅನ್ನುತ್ತಾರೆ ಎಂದು ಹೆದರಿದೆನೋ, ನ್ಯಾಯವೇ ಅನ್ನಿಸಿತೋ, ನನ್ನ ಕೈ ಎದ್ದಿತು. ಆಮೇಲೂ ಜನ ಕೈ ಎತ್ತಲು ಹಿಂದೆಮುಂದೆ ನೋಡುತ್ತಿದ್ದರು. ಆಗ ಹಿಂದಿನ ಸಾಲಿನಿಂದ ಇನ್ನೊಂದು ಕೈ ಎದ್ದಿತು. ಅಪ್ಪನದು. ಅದನ್ನು ನೋಡಿ ಉಳಿದವರೆಲ್ಲ ಎತ್ತಿದರು.

ಮನೆಗೆ ಹೋಗುವ ದಾರಿಯಲ್ಲಿ ನಾನು ಅವನ ಮೇಲೆಯೇ ರೇಗಿದೆ. "ನಿನಗ ತಿಳೀತೇನು ಯಪ್ಪಾ, ಕೈ ಎತ್ತಿದ್ದು ಯಾತಕ್ಕಂತ?"

"ತಿಳೀದ ಏನು? ನೀ ಎತ್ತಿದ ಮ್ಯಾಲ ನಾ ಹೆಂಗ ಸುಮ್ನ ಕುಂದ್ರಲಿ? ಒಂದ ಮನ್ಯಾಗ ಎರಡು ಮಾತು ಅಂತಾರ ಮಂದಿ."

ನಮ್ಮ ಕೇರಿಯ ಕಟ್ಟೆಯ ಪಂಚಾಯ್ತಿಯಲ್ಲಿ ಮೊದಲಿನಿಂದಲೂ ಅದೇ ಪದ್ಧತಿ. ಮನೆಯ ಯಜಮಾನ ಕೈ ಎತ್ತಿದರೆ ಆ ಮನೆಯವರೆಲ್ಲ ಎತ್ತಬೇಕು, ಇಳಿಸಿದರೆ ಇಳಿಸಬೇಕು. ಅಲ್ಲಿಯವರೆಗೆ ನಮ್ಮ ಮನೆಯಿಂದ ಮೊದಲು ಎತ್ತುತ್ತಿದ್ದವನು ಅವನು. ಅವತ್ತು ಬೇವಿನ ಮರದ ಕೆಳಗೆ ಅವನು ನನ್ನ ಕೈ ನೋಡುತ್ತಾ ಕಾದಿದ್ದ.