ಹೊರಗಿನಿಂದ ಹಾಕಿದ ಚಿಲಕ

ವಿಜಯನಗರದ ನನ್ನ ಕೌನ್ಸೆಲಿಂಗ್ ಕ್ಲಿನಿಕ್ಕಿಗೆ ಮೂರು ವಾರ ಬೀಗ ಹಾಕಿ ನೇಪಾಳಕ್ಕೆ ಹೋಗಿದ್ದೆ. ಭೂಕಂಪವಾದ ಒಂದು ಬೆಟ್ಟದ ಹಳ್ಳಿಯಲ್ಲಿ, ಮನೆಮಂದಿಯನ್ನು ಕಳೆದುಕೊಂಡವರ ಮಾತು ಕೇಳುವ ಸ್ವಯಂಸೇವೆ. ನನಗೆ ನೇಪಾಳಿ ಬಾರದು. ಹಿಂದಿ ಬಲ್ಲ ಆ ಊರಿನ ಟೀಚರ್ ಒಬ್ಬಳು ದುಭಾಷಿಯಾಗಿ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಪ್ರಶ್ನೆ ಹಾಕಿದರೆ, "ಒಂದು ನಿಮಿಷ ದೀದಿ, ಕೇಳಿ ಹೇಳ್ತೀನಿ" ಎನ್ನುವಳು. ಎದುರಿನವರನ್ನು ಮೆಲ್ಲಗೆ ಕೇಳಿ, ಕಾದು, ನೆಲ ನೋಡುತ್ತಾ ನನಗೆ ಹೇಳುವಳು.

ಮೊದಲ ದಿನ ಒಬ್ಬ ಅಜ್ಜಿ ತುಂಬಾ ಹೊತ್ತು ಮಾತಾಡಿದಳು. ಟೀಚರ್ ಹೇಳಿದ್ದು ಇಷ್ಟೇ: "ಬಾಗಿಲು ತಟ್ಟೋ ಸದ್ದು ಬರುತ್ತಂತೆ. ಒಳಗೆ ಒಂದು ಹೆಣ್ಣುಮಗು. ಒದ್ದೆ ಕೂದಲು. ಚಿಲಕ ತೆಗಿ ಅನ್ನುತ್ತಂತೆ." ಅಜ್ಜಿ ಇದ್ದದ್ದು ಟೆಂಟಿನಲ್ಲಿ. ಅದಕ್ಕೆ ಬಾಗಿಲೇ ಇರಲಿಲ್ಲ.

ಮರುದಿನ ಬಂದ ಹೆಂಗಸಿಗೂ ಅದೇ ಮಗು. ಆಮೇಲೆ ಬಂದ ಬಡಗಿಗೂ ಅದೇ. ಹೆಚ್ಚುಕಡಿಮೆ ಎಲ್ಲರ ಮಾತೂ ಒದ್ದೆ ಕೂದಲಿಗೇ ಬಂದು ನಿಲ್ಲುತ್ತಿತ್ತು. ಹಾಡುಹಗಲೇ ಆ ಟೆಂಟಿನಲ್ಲಿ ಕೂರಲು ನನಗೆ ಭಯವಾಗುತ್ತಿತ್ತು. ಆದರೂ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಲಿ. ಊರಿಗೆ ಬಂದು ಬಸವೇಶ್ವರನಗರದ ಒಂದು ಸಭೆಯಲ್ಲಿ 'ಇಡೀ ಹಳ್ಳಿ ಕಂಡ ಒಂದೇ ಮಗು' ಎಂದು ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ಬಾಗಿಲ ಚಿಲಕ ಹಾಕುವಾಗ ಮಾತ್ರ ಕೈ ತಡೆಯಿತು. ದಿನವೂ ತಡೆಯುತ್ತಿತ್ತು.

ಒಂದು ಕೆಲಸ ಬಾಕಿ ಇತ್ತು. ಆ ಹಳ್ಳಿಯ ಮುದುಕರೊಬ್ಬರ ಮಗ ಸುಂಕದಕಟ್ಟೆಯ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್. ಮುದುಕರ ಫೋನು ಬಿದ್ದ ಮನೆಯಡಿ ಹೂತುಹೋಗಿತ್ತು. ಮಗನಿಗೆ ಕೇಳಿಸಿ ಎಂದು ನನ್ನ ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿಸಿದ್ದರು. ಟೀಚರ್ ಅದನ್ನು ಹಿಂದಿಯಲ್ಲಿ ಹೇಳಿದ್ದೂ ಅದರಲ್ಲೇ ಇತ್ತು: ಮೊಮ್ಮಗಳು ಬಾಗಿಲು ತಟ್ಟುತ್ತಾಳಂತೆ, ಒದ್ದೆ ಕೂದಲಂತೆ.

ಭಾನುವಾರ ಬೆಳಿಗ್ಗೆ ಹೋದೆ. ಅವನು ಗೇಟಿನ ಬಳಿ ನಿಂತೇ ಅಪ್ಪನ ದನಿ ಕೇಳಿದ, ಕಣ್ಣೊರೆಸಿಕೊಂಡ. ನಾನು, "ನಿಮ್ಮ ಮಗಳ ವಿಷಯ ಕೇಳಿ ತುಂಬಾ ಬೇಜಾರಾಯ್ತು" ಎಂದೆ.

"ನಂಗೆ ಮದ್ವೇನೇ ಆಗಿಲ್ಲ ಮೇಡಂ. ಅಪ್ಪ ಹೇಳ್ತಿರೋದು ಎಮ್ಮೆ ಸತ್ತೋಯ್ತು, ತಗಡಿನ ಶೀಟ್ ಬಂದಿದೆ ಅಂತ. ಮಗು ವಿಷ್ಯನೇ ಇಲ್ಲ."

ರೆಕಾರ್ಡಿಂಗ್ ಓಡುತ್ತಲೇ ಇತ್ತು. ಟೀಚರ್ ದನಿ ಬಂತು. ಅವನು ಫೋನನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದ.

"ಇದು ಟೀಚರ್ ಮಗಳ ವಿಷ್ಯ. ಊರಿಂದ ಬಂದೋರು ಹೇಳಿದ್ರು. ಮಗೂಗೆ ಟೀಚರೇ ತಲೆ ಸ್ನಾನ ಮಾಡ್ಸಿದ್ರಂತೆ. ಒದ್ದೆ ತಲೇಲಿ ಗಾಳಿಗೆ ಹೋಗ್ದೇ ಇರ್ಲಿ ಅಂತ ಹೊರಗಿಂದ ಚಿಲಕ ಹಾಕಿ ನೀರಿಗೆ ಹೋಗಿದ್ರಂತೆ. ಅಷ್ಟ್ರಲ್ಲಿ ಭೂಮಿ ಅಲ್ಲಾಡ್ತು."

ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯಿತು. ಮೂರು ವಾರ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದವಳನ್ನು "ನೀನು ಹೇಗಿದ್ದೀಯಮ್ಮ" ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಯಾರೂ ಕೇಳದ್ದನ್ನು ಅವಳು ಎಲ್ಲರ ಬಾಯಿಂದ ನನಗೆ ಹೇಳಿದ್ದಳು. ಅದಕ್ಕೆ ನಾನು ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ.

ಅಲ್ಲೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದಳು.

"ನಿನ್ನ ಮಗಳ ವಿಷಯ ಇವತ್ತು ಗೊತ್ತಾಯ್ತು. ನಾನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು" ಎಂದೆ.

ಮತ್ತೆ ನಾನೇ ಕೇಳಿದೆ: "ಅವಳು ಈಗಲೂ ಬಾಗಿಲು ತಟ್ಟುತ್ತಾಳಾ?"

"ಒಂದು ನಿಮಿಷ ದೀದಿ," ಎಂದಳು, "ಕೇಳಿ ಹೇಳ್ತೀನಿ."

ಫೋನನ್ನು ಅತ್ತ ಸರಿಸಿ ನೇಪಾಳಿಯಲ್ಲಿ, ಮಗುವನ್ನು ಮಾತಾಡಿಸುವ ಹಾಗೆ, ಮೆಲ್ಲಗೆ ಏನೋ ಕೇಳಿದಳು. ಆಮೇಲೆ, ಟೆಂಟಿನಲ್ಲಿ ಕಾಯುತ್ತಿದ್ದ ಹಾಗೆಯೇ, ಉತ್ತರಕ್ಕೆ ಕಾದಳು.